ಡೈರಿಯಲ್ಲಿ ಮೂವರು, ಹಸ್ತಪ್ರತಿಯಲ್ಲಿ ಒಬ್ಬರು: ಪ್ರವಾಸ ಕಥನವೊಂದನ್ನು ಓದಿಕೊಟ್ಟ ಪ್ರಕರಣ

ಕಾದಂಬರಿ ಬರೆಯುವವರ ಕೈಗೆ ಗೆಳೆಯರು ತಮ್ಮ ಹಸ್ತಪ್ರತಿ ಕೊಡುವುದು ಹೊಸದೇನಲ್ಲ. ‘ಸುಮ್ಮನ ಒಂದು ಸಲ ಕಣ್ಣಾಡ್ಸು’ ಅಂತ ಕೊಡುತ್ತಾರೆ. ಆದರೆ ಅವರಿಗೆ ಬೇಕಾದದ್ದು ಮೆಚ್ಚುಗೆ. ಇಲ್ಲಿ ಬರೆಯುತ್ತಿರುವುದು ಅಂಥ ಒಂದು ಓದಿನ ಪೂರ್ತಿ ವಿವರ. ಹಸ್ತಪ್ರತಿ ಒಂದು ಪ್ರವಾಸ ಕಥನ. ಬರೆದವಳು ಗುಲಬರ್ಗಾ ಇನ್ನೂ ಗುಲಬರ್ಗಾ ಆಗಿದ್ದ ಕಾಲದ ನನ್ನ ಕಾಲೇಜು ಗೆಳತಿ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ತನ್ನ ಹೆಸರು ಬೇಡ, ಪುಸ್ತಕದ ಹೆಸರೂ ಬೇಡ ಎಂದಿದ್ದಾಳೆ. ಅವಳನ್ನು ಗೆಳತಿ ಎಂದೇ ಕರೆಯುತ್ತೇನೆ.

ಗೆಳತಿ ಯಾದಗಿರಿ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ, ನಿವೃತ್ತಿಯಾದ ಮೇಲೆ ಕಲಬುರಗಿಗೆ ಬಂದು ನೆಲೆಸಿದವಳು. ಮಕ್ಕಳಿಗೆ ಬಹಮನಿ ಸುಲ್ತಾನರನ್ನು, ರಾಷ್ಟ್ರಕೂಟರನ್ನು ವರ್ಷಾನುಗಟ್ಟಲೆ ಪಾಠ ಮಾಡಿದರೂ ಮಳಖೇಡದ ಕೋಟೆಯನ್ನು ಬಸ್ಸಿನ ಕಿಟಕಿಯಿಂದ ಬಿಟ್ಟರೆ ಬೇರೆ ಕಡೆಯಿಂದ ನೋಡಿರಲಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ಶೂನ್ಯ ದರದ ಟಿಕೆಟ್ ಹರಿದುಕೊಡುತ್ತಾನೆ. ಗೆಳತಿ ಒಂದು ಬಟ್ಟೆ ಚೀಲ, ನೀರಿನ ಬಾಟಲಿ, ಶಾಲೆಯ ದಿನಗಳಿಂದ ಉಳಿದಿದ್ದ ರಟ್ಟಿನ ಡೈರಿ ಹಿಡಿದು ಹೊರಟಳು. ರಾಜ್ಯದ ಗಡಿ ದಾಟುವ ಪ್ರಯಾಣಕ್ಕೆ ಈ ಸೌಲಭ್ಯ ಇಲ್ಲವಾದ್ದರಿಂದ ಸೊಲ್ಲಾಪುರವೂ ಇಲ್ಲ, ಜಹೀರಾಬಾದೂ ಇಲ್ಲ. ಕಲಬುರಗಿ, ಬೀದರ, ಯಾದಗಿರಿ ಮೂರೇ ಜಿಲ್ಲೆ. ಪುಸ್ತಕದ ಎಲ್ಲೆ ಹಾಗೆ ತಾನಾಗಿ ಗೊತ್ತಾಯಿತು. ಊರಿನವಳೇ ತನ್ನ ಸೀಮೆಯನ್ನು ಪ್ರವಾಸಿಯಾಗಿ ನೋಡುವ ಈ ಯೋಚನೆ ನನಗೆ ಕೇಳಿದ ಕೂಡಲೇ ಹಿಡಿಸಿತ್ತು.

ಹಸ್ತಪ್ರತಿ ಬಂದದ್ದು ನುಡಿ ಅಕ್ಷರದಲ್ಲಿ ಡಿಟಿಪಿ ಆಗಿ, ಸ್ಪೈರಲ್ ಬೈಂಡ್ ಹಾಕಿಸಿಕೊಂಡು. ಪ್ರಕಾಶಕರು ಒಪ್ಪಿಯಾಗಿತ್ತು, ‘ಬರೆಯೋರೊಬ್ಬರಿಗೆ ತೋರಿಸಿ’ ಎಂದಿದ್ದರಂತೆ. ನಾನು ಒಂದೇ ಕರಾರು ಹಾಕಿದೆ: ಡೈರಿಯನ್ನೂ ಕೊಡಬೇಕು.

ಇದಕ್ಕೆ ಕಾರಣವಿದೆ. ಕಾದಂಬರಿಕಾರರು ಪ್ರವಾಸ ಕಥನ ಓದಿಕೊಟ್ಟರೆ ಅದಕ್ಕೆ ಕಥೆಯ ಕಳೆ ಬರುತ್ತದೆ, ಪಾತ್ರಗಳಿಗೆ ಜೀವ ಬರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ನಾನು ತಿಳಿದದ್ದು ಬೇರೆ. ಹಾವಿನ ಹೆಜ್ಜೆ ಹಾವೇ ಬಲ್ಲುದು. ಕಟ್ಟಿ ಹೇಳುವುದೇ ನನ್ನ ಕಸುಬು; ಹಾಗಾಗಿ ಎಲ್ಲಿ ಕಟ್ಟಿದ್ದಾರೆ ಎಂಬುದು ನನಗೆ ಬೇಗ ವಾಸನೆ ಹತ್ತುತ್ತದೆ. ಕಾದಂಬರಿ ಓದುವವರು ಪುಸ್ತಕ ತೆರೆಯುವ ಮೊದಲೇ ‘ಇದು ಕಟ್ಟಿದ್ದು’ ಎಂದು ಒಪ್ಪಿಕೊಂಡಿರುತ್ತಾರೆ. ಪ್ರವಾಸ ಕಥನ ಓದುವವರು ಒಪ್ಪಿರುವುದಿಲ್ಲ. ನಾಳೆ ಅವರೂ ಅದೇ ಬಸ್ಸು ಹತ್ತಬಹುದು, ಅದೇ ಅಂಗಡಿ ಮುಂದೆ ಇಳಿದು ‘ಆ ಚಾಚಾ ಎಲ್ಲಿದ್ದಾರ್ರಿ?’ ಎಂದು ಕೇಳಬಹುದು. ಆದ್ದರಿಂದ ನನ್ನ ಪೆನ್ಸಿಲ್ಲಿಗೆ ನಾನು ಕೊಟ್ಟ ಕೆಲಸ ಇಷ್ಟು: ಹಸ್ತಪ್ರತಿಯಲ್ಲಿ ಯಾವ ಭಾಗ ಓದುವಾಗ ‘ಇದು ಕಾದಂಬರಿಯಂತೆಯೇ ಇದೆ’ ಎನಿಸುತ್ತದೋ ಅಲ್ಲಿ ಗುರುತು ಹಾಕುವುದು, ಆಮೇಲೆ ಡೈರಿ ತೆಗೆಯುವುದು.

ಬಿದರಿಯ ಚಾಚಾ

ಮೊದಲ ಗುರುತು ಬಿದ್ದದ್ದು ಬೀದರ ನಗರದ ಅಧ್ಯಾಯದಲ್ಲಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಸುಬಿನ ಪುಟಕ್ಕೆ. ಇಡೀ ಪುಸ್ತಕದಲ್ಲಿ ಗೆಳತಿಗೆ ಅತಿ ಹೆಚ್ಚು ಇಷ್ಟವಾದ ಪುಟ ಅದು. ಅಲ್ಲಿದ್ದದ್ದು ಹೀಗೆ:

‘ಹಿರಿಯ ಚಾಚಾ ಕೋಟೆಯ ಮಣ್ಣನ್ನು ನಾಲಿಗೆಯ ತುದಿಗೆ ಹಚ್ಚಿ ಕಣ್ಣು ಮುಚ್ಚಿದರು. ಆ ಮಣ್ಣು ತಾಕಿದ್ದೇ ತಡ ಹೂದಾನಿ ಕಡುಗಪ್ಪಾಯಿತು. ಆ ಕಪ್ಪಿನೊಳಗೆ ಬೆಳ್ಳಿಯ ತಂತಿಯನ್ನು ಕೂರಿಸುತ್ತ ಅವರೆಂದರು: ಮಗಳೇ, ಕತ್ತಲೆ ಇಲ್ಲದಿದ್ದರೆ ನಕ್ಷತ್ರಗಳಿಗೆ ಬೆಲೆ ಎಲ್ಲಿಯದು?’

ನಾನು ಇದನ್ನು ಓದಿ ನಕ್ಕೆ. ನಲವತ್ತು ವರ್ಷದ ಹಿಂದೆ ಬರೆದಿದ್ದರೆ ನನ್ನ ಕಾದಂಬರಿಯಲ್ಲೂ ಇಂಥ ಚಾಚಾ ಇರುತ್ತಿದ್ದ. ಬಿದರಿ ಕೆಲಸದ ಮನೆಗಳಲ್ಲಿ ಆಡುವುದು ಹೆಚ್ಚಾಗಿ ದಖನಿ ಉರ್ದು. ಈ ಚಾಚಾ ಮಾತ್ರ ಪಠ್ಯಪುಸ್ತಕದ ಕನ್ನಡದಲ್ಲಿ ನುಡಿಮುತ್ತು ಉದುರಿಸುತ್ತಾರೆ. ಅದಕ್ಕಿಂತ ದೊಡ್ಡ ತೊಡಕು ಕೆಲಸದ ಅನುಕ್ರಮದಲ್ಲಿತ್ತು. ಬಿದರಿಯಲ್ಲಿ ಕಪ್ಪು ಎರಡು ಸಲ ಬರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಬರುವ ಕಪ್ಪು ಕೆಲಸದ ಮಟ್ಟಿಗೆ ಮಾತ್ರ. ಅದರ ಮೇಲೆ ಗೀರಿದ ಗೆರೆ ಬೆಳ್ಳಗೆ ಕಾಣಬೇಕು, ಅಷ್ಟೇ. ಆ ಗೆರೆ ಹಿಡಿದು ಚಾಣದಿಂದ ಕೊರೆದು, ಕೊರೆದ ಜಾಗಕ್ಕೆ ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೊರಟು ಹೋಗುತ್ತದೆ. ಬೂದು ಲೋಹದಲ್ಲಿ ಬೆಳ್ಳಿ ಎಲ್ಲಿದೆ ಎಂದು ಹುಡುಕಬೇಕು. ಎಲ್ಲಕ್ಕೂ ಕೊನೆಗೆ ಬರುವುದು ಕೋಟೆಯ ಮಣ್ಣು. ಅದನ್ನು ನವಸಾಗರದ ಜೊತೆ ನೀರಿನಲ್ಲಿ ಕಲೆಸಿ, ಬಿಸಿ ಮಾಡಿದ ಸಾಮಾನಿಗೆ ಹಚ್ಚಿದರೆ ಸತುವಿನ ಮೈ ಖಾಯಂ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಅಂದರೆ ಮಣ್ಣು ಹಚ್ಚಿದ ಮೇಲೆ ತಂತಿ ಕೂರಿಸುವ ಚಾಚಾ ಬೀದರಿನಲ್ಲಿ ಇರುವುದು ಸಾಧ್ಯವಿಲ್ಲ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಕಸುಬಿದು; ಓದುವವರಲ್ಲಿ ಆ ಕೆಲಸ ಮಾಡುವವರ ಮಕ್ಕಳೂ ಇರುತ್ತಾರೆ.

ಡೈರಿ ತೆಗೆದೆ. ಅಲ್ಲಿ ಚಾಚಾ ಇರಲಿಲ್ಲ. ಮೂವರು ಇದ್ದರು. ಎರಕದ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ, ಹೊಗೆಗೆ ಕೆಮ್ಮುತ್ತಿದ್ದ ಒಬ್ಬ ನಡುವಯಸ್ಸಿನವರು. ಅವರು ಮಾತೇ ಆಡಿಲ್ಲ. ತಂತಿ ಕೂರಿಸುತ್ತಿದ್ದವಳು ಒಬ್ಬ ಹುಡುಗಿ. ಪಕ್ಕದಲ್ಲಿ ಮೊಬೈಲ್‌ನಲ್ಲಿ ಹಾಡು ಹಾಕಿಕೊಂಡು, ತಂತಿಯ ಚೂರು ಕೆಳಗೆ ಬಿದ್ದರೆ ಒದ್ದೆ ಬೆರಳಿಗೆ ಅಂಟಿಸಿ ಎತ್ತುತ್ತಿದ್ದಳು. ಮೂರನೆಯವರು ಅಂಗಡಿಯ ಮಾಲೀಕ. ಗೆಳತಿ ಒಂದು ಪುಟ್ಟ ಡಬ್ಬಿಗೆ ಚೌಕಾಸಿ ಮಾಡಿದಾಗ ಅವರು ಹೇಳಿದ್ದನ್ನು ಆಡಿದ ಹಾಗೇ ಬರೆದುಕೊಂಡಿದ್ದಳು: ‘ಬರೀ ಬೆಳ್ಳಿ ತೂಕ ಹಾಕಬ್ಯಾಡ್ರಿ ಅಮ್ಮಾ, ಕಪ್ಪಿಗೂ ಒಂದೀಟು ರೊಕ್ಕ ಹಾಕ್ರಿ.’

‘ಇಷ್ಟು ಚಲೋ ಮಾತು ಕೈಯಾಗಿಟ್ಕೊಂಡು ನಕ್ಷತ್ರ ಯಾಕ ತಂದಿ?’ ಎಂದು ಕೇಳಿದೆ.

‘ಅದು ಅಂಗಡಿ ಮಾತಲ್ಲೇನ? ಪುಸ್ತಕದಾಗ ಹಾಕಲಾಕ ಸಣ್ಣದನಿಸ್ತು.’

‘ಮತ್ತ ಆ ಹುಡುಗಿ?’

‘ಹುಡುಗಿ ಏನೂ ಹೇಳ್ಲಿಲ್ಲ.’

ಈ ಉತ್ತರದಲ್ಲೇ ಇಡೀ ಪ್ರಕರಣದ ಗಂಟು ಇತ್ತು. ಹೇಳುವವರು ಇದ್ದರೆ ಮಾತ್ರ ಪುಟ ತುಂಬುತ್ತದೆ ಎಂದು ಅವಳು ನಂಬಿಬಿಟ್ಟಿದ್ದಳು. ಕಂಡದ್ದು ಸಣ್ಣದು, ಅದಕ್ಕೆ ಒಬ್ಬ ಮುದುಕ, ಒಂದು ನೀತಿ ಸೇರಿಸಿದರೆ ಸಾಹಿತ್ಯ. ಚಾಚಾನನ್ನು ತೆಗೆದು ಮೂವರನ್ನೂ ಅವರವರ ಜಾಗದಲ್ಲಿ ಕೂರಿಸು ಎಂದೆ. ಅವಳು ಒಂದು ವಾರ ಫೋನ್ ಎತ್ತಲಿಲ್ಲ. ಆಮೇಲೆ ಬಂದ ಪುಟದಲ್ಲಿ ಹುಡುಗಿಯ ಒದ್ದೆ ಬೆರಳು ಇತ್ತು, ಎರಕದವರ ಕೆಮ್ಮು ಇತ್ತು, ಎರಡು ಕಪ್ಪುಗಳೂ ಸರಿಯಾದ ಕ್ರಮದಲ್ಲಿದ್ದವು, ಚೌಕಾಸಿಯ ಮಾತು ಕೊನೆಗೆ ಬರುತ್ತಿತ್ತು. ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುವ ಸಂಗತಿ ನಿಜವೇ. ಆದರೆ ಅವಳು ಅದನ್ನು ಕಣ್ಣಾರೆ ಕಂಡಿರಲಿಲ್ಲ. ‘ಹಾಗೆ ಮಾಡುತ್ತಾರೆಂದು ಹುಡುಗಿ ಹೇಳಿದಳು’ ಎಂದು ತಿದ್ದಿದಳು. ಅಲ್ಲಿಗೆ ಹುಡುಗಿಯೂ ಏನೋ ಹೇಳಿದ್ದಳು ಎಂದಾಯಿತು!

ಗಾವಾನನ ಕೊನೆಯ ರಾತ್ರಿ

ಅದೇ ಅಧ್ಯಾಯದಲ್ಲಿ ಮಹಮೂದ್ ಗಾವಾನನ ಮದರಸಾ ಬರುತ್ತದೆ. ಪರ್ಷಿಯಾದ ಗಿಲಾನ್‌ನಿಂದ ಬಂದು ಬಹಮನಿ ರಾಜ್ಯದ ವಜೀರನಾದವನು 1472ರಲ್ಲಿ ಮುಗಿಸಿದ ಕಟ್ಟಡ. ಉಳಿದ ಒಂದೇ ಮಿನಾರು, ಅದರ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ, ಹಸಿರು, ಹಳದಿ ಬಿಲ್ಲೆಗಳನ್ನು ಗೆಳತಿ ತುಂಬ ಚೆನ್ನಾಗಿ ನೋಡಿದ್ದಾಳೆ. ಬಿಲ್ಲೆ ಉದುರಿದ ಕಡೆ ಗಾರೆಯಲ್ಲಿ ಅದರ ಅಚ್ಚು ಉಳಿದಿರುವುದನ್ನು ಬರೆದ ಸಾಲು ಹಾಗೇ ಇರಲಿ ಎಂದು ಬದಿಯಲ್ಲಿ ಬರೆದೆ. ಆಮೇಲೆ ಎರಡೂವರೆ ಪುಟ ಗಾವಾನನ ಕೊನೆಯ ರಾತ್ರಿ. ಅವನು ಮದರಸಾದ ಮಾಳಿಗೆಯ ಮೇಲೆ ನಿಂತು ಮಿನಾರುಗಳನ್ನು ನೋಡುತ್ತ, ತನಗೆ ದ್ರೋಹ ಬಗೆದವರನ್ನು ಮನಸ್ಸಿನಲ್ಲೇ ಕ್ಷಮಿಸುತ್ತಾನೆ.

ಕಾದಂಬರಿಯಾಗಿ ಓದಿದರೆ ಈ ಪುಟಗಳು ಕೆಟ್ಟದಾಗಿಲ್ಲ. ಆದರೆ ಗಾವಾನ್ ಸತ್ತದ್ದು ಬೀದರಿನಲ್ಲಲ್ಲ. ಅವನ ಮುದ್ರೆಯನ್ನು ಖಾಲಿ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ಅವನೇ ಬರೆದಂತೆ ಪತ್ರ ಹುಟ್ಟಿಸಿ, ಅದನ್ನು ಸುಲ್ತಾನ ಮೂರನೇ ಮುಹಮ್ಮದ್ ಶಾಹನಿಗೆ ತೋರಿಸಿದರು. 1481ರ ಏಪ್ರಿಲ್‌ನಲ್ಲಿ, ದಂಡಯಾತ್ರೆಯ ಬೀಡಿನಲ್ಲಿ, ಆಂಧ್ರದ ಕೊಂಡಪಲ್ಲಿಯಲ್ಲಿ ಅವನ ತಲೆ ಹೋಯಿತು. ಮಿನಾರು ನೋಡುವುದು ದೂರದ ಮಾತು. ನಾನು ಇದನ್ನು ಹೇಳಿದಾಗ ಗೆಳತಿ, ‘ಪಾಠದಾಗ ಎಲ್ಲಿ ಸತ್ತ ಅಂತ ಇರ್ಲಿಲ್ಲ, ಇಸವಿ ಅಷ್ಟೇ ಇತ್ತು’ ಎಂದಳು. ಸರಿಯೇ. ನಾವೆಲ್ಲ ಓದಿದ ಇತಿಹಾಸ ಹಾಗೇ ಇತ್ತು.

ಡೈರಿಯಲ್ಲಿ ಇದಕ್ಕೂ ಮದ್ದು ಸಿಕ್ಕಿತು. ಬೀದರಿನ ಹೊರಗೆ ಗಾವಾನನ ಗೋರಿ ಹುಡುಕಿಕೊಂಡು ಅವಳು ಆಟೋದಲ್ಲಿ ಹೋಗಿದ್ದಳು. ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗುಮ್ಮಟಗಳು ಸಾಲಾಗಿ ನಿಂತಿವೆ. ಅವರ ರಾಜ್ಯವನ್ನು ಕಾಯ್ದವನ ಗೋರಿಗೆ ಗುಮ್ಮಟವಿಲ್ಲ. ಆಟೋದವನಿಗೇ ದಾರಿ ಗೊತ್ತಿರಲಿಲ್ಲ, ಎರಡು ಕಡೆ ಇಳಿದು ಕೇಳಿದ್ದಾನೆ. ಇದನ್ನೆಲ್ಲ ಡೈರಿಯಲ್ಲಿ ಅರ್ಧ ಪುಟ ಬರೆದು ಹಸ್ತಪ್ರತಿಯಲ್ಲಿ ಪೂರ್ತಿ ಬಿಟ್ಟಿದ್ದಳು. ಮಾಳಿಗೆಯ ರಾತ್ರಿ ಹೋಯಿತು, ಆಟೋ ಬಂತು.

ಮದರಸಾದ ಮುಂಭಾಗ 1696ರಲ್ಲಿ ಹಾಳಾದದ್ದರ ಬಗ್ಗೆ ಒಂದು ಚಿಕ್ಕ ತಿದ್ದುಪಡಿ. ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿಯಿತು ಎಂದೂ ಹೇಳುತ್ತಾರೆ, ಸಿಡಿಲು ಬಡಿಯಿತು ಎಂದೂ ಹೇಳುತ್ತಾರೆ. ಹಸ್ತಪ್ರತಿಯಲ್ಲಿ ಸಿಡಿಲು ಮಾತ್ರ ಇತ್ತು, ಅದೂ ದೇವರ ಮುನಿಸಿನ ಬಣ್ಣದಲ್ಲಿ. ಎರಡನ್ನೂ ಇಟ್ಟು ಮುನಿಸು ತೆಗೆದೆವು.

ಕಲಬುರಗಿ ಕೋಟೆಯ ಜಾಮಿ ಮಸೀದಿಯ ಮೇಲೆ ಹೆಚ್ಚು ಹೊತ್ತು ಕಳೆಯಲಿಲ್ಲ. ‘ಸ್ಪೇನಿನ ಕಾರ್ಡೋಬಾ ಮಸೀದಿಯನ್ನು ನೆನಪಿಸುತ್ತದೆ’ ಎಂದು ಬರೆದಿದ್ದಳು. ಯಾರಿಗೆ ನೆನಪಿಸುತ್ತದೆ? ನಾವಿಬ್ಬರೂ ಸ್ಪೇನ್ ಕಂಡವರಲ್ಲ. ಎಲ್ಲ ಕೈಪಿಡಿಗಳಲ್ಲೂ ಇರುವ ಸಾಲು ಅದು. 1367ರ ಈ ಮಸೀದಿಗೆ ತೆರೆದ ಅಂಗಳವೇ ಇಲ್ಲ, ಇಡೀ ಜಾಗಕ್ಕೆ ಗುಮ್ಮಟಗಳ ಚಾವಣಿ. ಹೊರಗಿನ ಬಿಸಿಲಿನಿಂದ ಒಳಗೆ ಬಂದರೆ ತಗ್ಗಿನ, ಅಗಲವಾದ ಕಮಾನುಗಳು ಒಂದರ ಹಿಂದೊಂದು ಹೋಗುತ್ತಲೇ ಇರುತ್ತವೆ. ಕಲಬುರಗಿಯ ಮೇ ತಿಂಗಳು ಗೊತ್ತಿರುವವರಿಗೆ ಅಂಗಳವಿಲ್ಲದ ಮಸೀದಿ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕಾರ್ಡೋಬಾ ತೆಗೆದಳು.

ಸನ್ನತಿ: ಕೈ ಹಾಕದೆ ಬಿಟ್ಟದ್ದು

ಓದಿಕೊಡುವವರು ಎಲ್ಲಿ ಸುಮ್ಮನಿದ್ದರು ಎಂಬುದೂ ಪ್ರಕರಣದ ಭಾಗವೇ. ಚಿತ್ತಾಪುರ ತಾಲ್ಲೂಕಿನ, ಭೀಮಾ ದಂಡೆಯ ಸನ್ನತಿಯ ಅಧ್ಯಾಯದಲ್ಲಿ ನನ್ನ ಪೆನ್ಸಿಲ್ ನಿಂತುಬಿಟ್ಟಿತು. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿಯ ಕೆಳಗಿನ ಪೀಠದ ಕಲ್ಲು ನೋಡಿದರೆ ಅದು ಅಶೋಕನ ಶಾಸನ. ಮೂರ್ತಿ ನಿಲ್ಲಿಸಲೆಂದು ಅಕ್ಷರಗಳ ನಡುವೆಯೇ ಕಲ್ಲನ್ನು ಕೊರೆದು ತೂತು ಮಾಡಿದ್ದರು. ಹತ್ತಿರದ ಕನಗನಹಳ್ಳಿಯಲ್ಲಿ ಆಮೇಲೆ ಅಗೆದಾಗ ಸ್ತೂಪ ಸಿಕ್ಕಿತು, ಅದರ ಒಂದು ಫಲಕದ ಮೇಲೆ ರಾಜ, ರಾಣಿ, ಪರಿಚಾರಕಿಯರು. ಮೇಲೆ ಬ್ರಾಹ್ಮಿಯಲ್ಲಿ ‘ರಾಯೋ ಅಸೋಕೋ’.

ಗೆಳತಿ ಇದಿಷ್ಟನ್ನೂ ಹೇಳಿ, ತನಗೆ ಬ್ರಾಹ್ಮಿ ಓದಲು ಬರುವುದಿಲ್ಲ, ಫಲಕದ ಕೆಳಗಿನ ವಿವರಣೆ ಓದಿ ತಿಳಿದೆ ಎಂದು ಬರೆದು, ವಾಪಸು ಬಸ್ಸಿಗೆ ಕಾಯುತ್ತ ಕೂತದ್ದನ್ನು ಸೇರಿಸಿದ್ದಳು. ನನ್ನೊಳಗಿನ ಕಾದಂಬರಿಕಾರ ಒದ್ದಾಡಿದ್ದು ಸುಳ್ಳಲ್ಲ. ಚಾವಣಿ ಬಿದ್ದ ಆ ದಿನ, ಓಡಿಬಂದ ಪೂಜಾರಿ, ಪೀಠ ಸರಿಸುವಾಗಿನ ಭಯ ಎಲ್ಲ ಕಣ್ಣಿಗೆ ಕಟ್ಟಿತು. ಇಲ್ಲಿ ಒಂದು ದೃಶ್ಯ ಬೆಳೆಸಬಹುದು ಎಂದು ಬದಿಯಲ್ಲಿ ಬರೆದಿದ್ದರೆ ಅವಳು ಖಂಡಿತ ಬೆಳೆಸುತ್ತಿದ್ದಳು, ಅಷ್ಟು ನಂಬಿದ್ದಳು. ಬರೆಯಲಿಲ್ಲ. ಆ ಅಧ್ಯಾಯದಲ್ಲಿ ಅವಳು ತಾನು ಕಂಡದ್ದಕ್ಕೂ ಓದಿ ತಿಳಿದದ್ದಕ್ಕೂ ಗೆರೆ ಎಳೆದಿದ್ದಳು. ಅದೇ ಗೆರೆಯನ್ನು ಬೇರೆ ಅಧ್ಯಾಯಗಳಿಗೂ ಎಳೆ ಎಂದು ಹೇಳಲು ನನಗೆ ಅವಳದೇ ಮಾದರಿ ಸಿಕ್ಕಿತು.

ಸುರಪುರದಲ್ಲಿ ಸಿಕ್ಕ ಹಳೆಯ ಕಾದಂಬರಿಕಾರ

ಜಗಳ ಆದದ್ದು ಸುರಪುರದ ಅಧ್ಯಾಯಕ್ಕೆ. ಜೇವರ್ಗಿ ದಾಟಿ, ಶಹಾಪುರದ ಹತ್ತಿರ ಮಲಗಿದ ಬುದ್ಧನಂತೆ ಕಾಣುವ ಗುಡ್ಡಸಾಲನ್ನು ಕಿಟಕಿಯಿಂದ ನೋಡಿಕೊಂಡು ಸುರಪುರ ಮುಟ್ಟುವವರೆಗೆ ಬರಹ ಹಗುರವಾಗಿ ಓಡುತ್ತದೆ. ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆ ಬಂದದ್ದೇ ಬರಹ ಅಲ್ಲಿ ವಾಸವಿದ್ದ ಫಿಲಿಪ್ ಮೆಡೋಸ್ ಟೇಲರನ ಕೈಗೆ ಹೋಗಿಬಿಡುತ್ತದೆ. ಟೇಲರ್ 1840ರ ದಶಕದ ಆರಂಭದಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ, ಬಾಲಕ ದೊರೆ ವೆಂಕಟಪ್ಪ ನಾಯಕನ ಕಾಲದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡವನು. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು, ಸೆರೆಯಾಗಿ, ಶಿಕ್ಷೆ ಅನುಭವಿಸಲು ಕರೆದೊಯ್ಯುವ ದಾರಿಯಲ್ಲಿ ಗುಂಡಿನಿಂದ ಸತ್ತ. ತಾನೇ ಹೊಡೆದುಕೊಂಡ ಎಂಬುದು ಟೇಲರ್ ಹೇಳುವ ಮಾತು. ದೊರೆ ಇಪ್ಪತ್ತನಾಲ್ಕು ದಾಟುವುದಿಲ್ಲ ಎಂದು ಜಾತಕದಲ್ಲಿ ಮೊದಲೇ ಇತ್ತು, ಅದು ನಿಜವಾಯಿತು ಎಂದೂ ಅವನು ಬರೆಯುತ್ತಾನೆ.

ಗೆಳತಿಯ ಅಧ್ಯಾಯ ಶುರುವಾಗುವುದೇ ಈ ಜಾತಕದಿಂದ. ಜೋಯಿಸರು ತಾಳೆ ಹಾಕುತ್ತಾರೆ, ಮುಖ ಕಳೆಗುಂದುತ್ತದೆ, ಪುಟ್ಟ ದೊರೆ ಏನೂ ಅರಿಯದೆ ಆಡುತ್ತಿರುತ್ತಾನೆ. ನಾನು ಬದಿಯಲ್ಲಿ ಬರೆದದ್ದು ಇಷ್ಟೇ: ‘ಟೇಲರನೂ ಕಾದಂಬರಿಕಾರ.’

ಅವಳಿಗೆ ಸಿಟ್ಟು ಬಂತು. ‘ಇದು ನಾ ಕಟ್ಟಿದ್ದಲ್ಲ. ಅಂವ ಆತ್ಮಕಥ್ಯಾಗ ಬರದಾನ, ಖರೇ ಅದ.’

ಬರೆದಿದ್ದಾನೆ, ನಿಜ. ಆದರೆ ಅವನು ಸುರಪುರಕ್ಕೆ ಬರುವ ಮೊದಲೇ, 1839ರಲ್ಲಿ, ಠಗ್ಗರ ಮೇಲಿನ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರು ಮಾಡಿದವನು. ಆತ್ಮಕಥೆ ಹೊರಬಂದದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ, ಮಗಳ ಸಂಪಾದನೆಯಲ್ಲಿ. ದೊರೆ ಸತ್ತು ಸುಮಾರು ಇಪ್ಪತ್ತು ವರ್ಷವಾಗಿತ್ತು. ತನ್ನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ಹುಡುಗ ತನ್ನ ಸರ್ಕಾರದ ವಿರುದ್ಧವೇ ತಿರುಗಿ ಬಿದ್ದು ಸತ್ತ ಎಂಬುದನ್ನು ಒಬ್ಬ ಕಾದಂಬರಿಕಾರ ಮುದಿ ವಯಸ್ಸಿನಲ್ಲಿ ಹೇಗೆ ಬರೆಯುತ್ತಾನೆ? ಜಾತಕ ಇದ್ದರೆ ಯಾರ ತಪ್ಪೂ ಇಲ್ಲ, ಎಲ್ಲ ಹಣೆಬರಹ. ಟೇಲರ್ ಸುಳ್ಳು ಹೇಳಿದ ಎಂದು ನಾನು ಹೇಳುತ್ತಿಲ್ಲ. ಆ ಜಾತಕ ಇದ್ದಿರಬಹುದು. ಆದರೆ ಅದನ್ನು ಕಥೆಯಲ್ಲಿ ಎಲ್ಲಿ ಇಡಬೇಕು ಎಂದು ಗೊತ್ತಿದ್ದ ಕೈ ಅದು. ಆ ಕೈಯ ಕೆಲಸ ನೋಡಿದ ಕೂಡಲೇ ನನಗೆ ಗೊತ್ತಾಗುತ್ತದೆ. ಅವನ ದೃಶ್ಯವನ್ನು ಹೆಸರಿಲ್ಲದೆ ಎತ್ತಿಕೊಂಡರೆ ಅವನ ಲೆಕ್ಕಾಚಾರವನ್ನೂ ಎತ್ತಿಕೊಂಡಂತೆ.

ಸುರಪುರದಲ್ಲಿ ವೆಂಕಟಪ್ಪ ನಾಯಕ ಹಣೆಬರಹಕ್ಕೆ ಸೋತವನಲ್ಲ, ಹೋರಾಡಿ ಮಡಿದವನು. ಬಸ್ ನಿಲ್ದಾಣದ ಹತ್ತಿರ ಚಹಾ ಕುಡಿಯುತ್ತಿದ್ದ ಹಿರಿಯರೊಬ್ಬರು ಗೆಳತಿಗೆ, ‘ದೊರಿ ತಾನs ಗುಂಡ ಹೊಡ್ಕೊಂಡ ಅಂತ ಬರಿಬ್ಯಾಡ್ರಿ ಟೀಚರ್ರೇ, ಕೊಂದಾರ’ ಎಂದಿದ್ದರು. ಇದೂ ಡೈರಿಯಲ್ಲೇ ಇತ್ತು, ಹಸ್ತಪ್ರತಿಯಲ್ಲಿ ಇರಲಿಲ್ಲ. ಅವರ ಮಾತಿಗೆ ದಾಖಲೆ ಇಲ್ಲವೆಂದು ಬಿಟ್ಟೆ ಎಂದಳು. ಟೇಲರನಿಗೆ ಮುದ್ರಿತ ಪುಟ ಇದೆ, ಇವರಿಗೆ ಚಹಾ ಅಂಗಡಿಯ ಬೆಂಚು ಇದೆ. ಪ್ರವಾಸ ಕಥನ ಇತಿಹಾಸದ ತೀರ್ಪು ಕೊಡಬೇಕಾಗಿಲ್ಲ. ಯಾರು ಎಲ್ಲಿ ಕೂತು ಏನು ಹೇಳಿದರು ಎಂದು ಹೇಳಿದರೆ ಸಾಕು. ಈಗ ಇಬ್ಬರೂ ಅಧ್ಯಾಯದಲ್ಲಿದ್ದಾರೆ. ಜಾತಕ ಕೊನೆಗೆ ಹೋಗಲಿ ಎಂದು ನಾನು ಹಟ ಹಿಡಿದೆ. ಅವಳು ಮೊದಲಿಗೇ ಇಟ್ಟಳು, ‘ಟೇಲರ್ ತನ್ನ ಮುಪ್ಪಿನಲ್ಲಿ ಹೀಗೆ ಬರೆದ’ ಎಂಬ ಒಂದು ಸಾಲು ಸೇರಿಸಿ. ನನಗೆ ಇನ್ನೂ ಒಪ್ಪಿಗೆ ಇಲ್ಲ.

ಎಳ್ಳ ಅಮಾಸಿಯ ಹೊಲ

ಇದು ಬೇರೆ ತರಹದ ತೊಡಕು. ಇಲ್ಲಿ ಕಟ್ಟಿದ್ದು ಏನೂ ಇರಲಿಲ್ಲ, ಎಲ್ಲ ನಿಜವೇ. ತೊಂದರೆ ಬಂದದ್ದೇ ಅದರಿಂದ.

ಎಳ್ಳ ಅಮಾವಾಸ್ಯೆಯ ದಿನ ಭೀಮಾ ತೀರದ ಒಂದು ಹಳ್ಳಿಯಲ್ಲಿ ಬಸ್ಸು ಇಳಿದ ಗೆಳತಿಯನ್ನು ಗುರುತು ಪರಿಚಯವಿಲ್ಲದ ಮನೆಯವರು ಬಂಡಿಗೆ ಹತ್ತಿಸಿಕೊಂಡು ಹೊಲಕ್ಕೆ ಕರೆದೊಯ್ದರು. ನಮ್ಮ ಕಡೆ ಆ ದಿನ ಊರಲ್ಲಿ ಯಾರೂ ಇರುವುದಿಲ್ಲ. ಎಲ್ಲರೂ ಬುತ್ತಿ ಕಟ್ಟಿಕೊಂಡು ಹೊಲದಲ್ಲೇ. ಹೊಲದ ತುಂಬ ಎಡೆಯ ಚರಗ ಚೆಲ್ಲಿದ ಮೇಲೆ ಬಜ್ಜಿ, ಕಡುಬು, ರೊಟ್ಟಿ ಎಲ್ಲ ತೊಗರಿ ಸಾಲಿನ ನಡುವೆ ಕೂತು ಉಣ್ಣುತ್ತಾರೆ. ಉಂಡು ಕೂತಾಗ ಆ ಮನೆಯ ಯಜಮಾನಿ ಹಿಂದಿನ ವರ್ಷ ತೊಗರಿಗೆ ನೆಟೆ ರೋಗ ಬಂದು ಹೊಲವೆಲ್ಲ ಒಣಗಿದ್ದು, ಬಂಗಾರ ಒತ್ತೆ ಇಟ್ಟದ್ದು, ಮಗ ದುಡಿಯಲು ಊರು ಬಿಟ್ಟದ್ದು ಎಲ್ಲ ಹೇಳಿಕೊಂಡಿದ್ದಳು. ಹಸ್ತಪ್ರತಿಯಲ್ಲಿ ಊರಿನ ಹೆಸರು, ಮನೆಯ ಗುರುತು, ಮಗನ ಹೆಸರು, ಸಾಲದ ಮೊತ್ತ ಎಲ್ಲ ಇತ್ತು.

ಕಾದಂಬರಿಯಲ್ಲಾದರೆ ನಾನು ಈ ಹೆಂಗಸನ್ನು ಬೇರೆ ಊರಿಗೆ, ಬೇರೆ ಜಾತಿಗೆ, ಬೇಕಾದರೆ ಬೇರೆ ಬೆಳೆಗೆ ಸಾಗಿಸಿಬಿಡುತ್ತಿದ್ದೆ. ಪ್ರವಾಸ ಕಥನಕ್ಕೆ ಆ ಸೌಲಭ್ಯ ಇಲ್ಲ. ಹೆಸರು ಬದಲಿಸಿದರೂ ಆ ಊರಿನ ಮೊದಲ ಓದುಗನಿಗೇ ಯಾರೆಂದು ತಿಳಿಯುತ್ತದೆ. ಪೂರ್ತಿ ತೆಗೆ ಎನ್ನಲು ನನಗೆ ಮನಸ್ಸಿರಲಿಲ್ಲ. ನೆಟೆ ರೋಗದ ವರ್ಷವನ್ನು ತೊಗರಿ ನಾಡಿನ ಪುಸ್ತಕ ಹೇಳದಿದ್ದರೆ ಇನ್ನಾವುದು ಹೇಳಬೇಕು? ಓದಿ ಹೇಳಿ ಬಾ ಎಂದೆ. ನೀನೂ ಬಾ ಎಂದಳು. ಹೋದೆವು.

ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಗೆಳತಿ ಆ ನಾಲ್ಕು ಪುಟ ಓದಿದಳು. ಯಜಮಾನಿ ಹೆಸರುಬೇಳೆ ಹಸನು ಮಾಡುತ್ತ ಕೇಳಿದಳು, ಮೊರದ ಮೇಲಿನ ಕಣ್ಣು ಎತ್ತಲಿಲ್ಲ. ಮುಗಿದ ಮೇಲೆ ಮೊದಲು ಕೇಳಿದ್ದು: ‘ಎಳ್ಳ ಅಮಾಸಿಗಿ ಜ್ವಾಳದ ರೊಟ್ಟಿ ಅಂತ ಬರದೀಯಲ್ಲವಾ? ಸಜ್ಜಿ ರೊಟ್ಟಿ ಅದು, ಎಳ್ಳ ಹಚ್ಚಿದ್ದು. ನೀನೇ ಎರಡ ತಿಂದಿ.’

ಸಾಲದ ವಿಷಯ ನಾವೇ ಎತ್ತಬೇಕಾಯಿತು. ‘ಸಾಲ ಯಾರಿಗಿಲ್ಲ? ಅದು ಇರ್ಲಿ. ಮಗನ ಹೆಸರ ತೆಗಿ. ಹೆಣ್ಣ ನೋಡ್ಲಕತ್ತೀವಿ, ಬಂಗಾರ ಒತ್ತಿ ಅದ ಅಂತ ಬೀಗರಿಗಿ ಗೊತ್ತಾದ್ರ ಹ್ಯಾಂಗ?’

ಅಂದರೆ ಒತ್ತೆಯ ಬಂಗಾರ ಹೋಗಬೇಕು, ಸಾಲ ಇರಬಹುದು. ನಾವಿಬ್ಬರೂ ಕೂತು ಎಷ್ಟು ಯೋಚಿಸಿದ್ದರೂ ಈ ಗೆರೆ ನಮಗೆ ಹೊಳೆಯುತ್ತಿರಲಿಲ್ಲ. ಮಗನ ಹೆಸರು, ಮೊತ್ತ, ಬಂಗಾರ, ಮನೆಯ ಗುರುತು ಹೋದವು. ಊರಿನ ಹೆಸರನ್ನು ಅವಳೇ ಇರಲಿ ಎಂದಳು. ಊರಿನ ಹೆಸರು ಪುಸ್ತಕದಲ್ಲಿ ಬರುವುದು ಅವಳಿಗೆ ಖುಷಿಯ ವಿಷಯವಾಗಿತ್ತು. ಗೆಳತಿ ಅವಳನ್ನು ‘ಮುದುಕಿ’ ಎಂದು ಬರೆದ ಕಡೆಯೆಲ್ಲ ‘ಯಜಮಾನಿ’ ಮಾಡಿದ್ದು ನನ್ನ ಒತ್ತಾಯಕ್ಕೆ. ನಮ್ಮಿಬ್ಬರಿಗಿಂತ ಆಕೆ ಹೆಚ್ಚೆಂದರೆ ಐದು ವರ್ಷ ದೊಡ್ಡವಳು.

ನನಗೆ ಬೇಕೆನಿಸಿದ್ದು

ಗೆಳೆಯರ ಹಸ್ತಪ್ರತಿ ಓದುವ ಕಾದಂಬರಿಕಾರರಿಗೆ ಇನ್ನೊಂದು ಕಾಟ ಇದೆ, ಯಾರೂ ಹೇಳಿಕೊಳ್ಳುವುದಿಲ್ಲ. ಡೈರಿಯ ನಡುವೆ ಒಂದು ಕಡೆ ಅರ್ಧ ಪುಟ ಇತ್ತು. ಗಾಣಗಾಪುರದ ಬಸ್ಸಿನಲ್ಲಿ ಗೆಳತಿಯ ಪಕ್ಕ ಕೂತ ಹೆಂಗಸು ಊರು ಬಂದರೂ ಇಳಿಯಲಿಲ್ಲ. ದತ್ತನ ದರ್ಶನಕ್ಕೆ ಬಂದವಳಲ್ಲ. ಅದೇ ಬಸ್ಸಿನಲ್ಲಿ ತಿರುಗಿ ಹೋಗುತ್ತಾಳಂತೆ. ಯಾಕೆ ಎಂದರೆ, ‘ಮನ್ಯಾಗ ಸುಮ್ಮ ಕೂಡ್ಲಾಕ ಬಿಡಲ್ಲವಾ. ಬಸ್ನ್ಯಾಗ ಕೂತ್ರ ಯಾರೂ ಏಳಂತ ಅನ್ನಲ್ಲ.’

ಓದಿ ನಾನು ಡೈರಿ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಇದು ನನಗೆ ಬೇಕು ಎನಿಸಿತು. ಒಂದು ಕಾದಂಬರಿಯೇ ಇದೆ ಅದರಲ್ಲಿ. ಹಸ್ತಪ್ರತಿಯಲ್ಲಿ ಇಲ್ಲವಾದ್ದರಿಂದ ಅವಳಿಗೆ ಬೇಡವೆಂದೇ ಅರ್ಥ, ಎಂದು ಮನಸ್ಸು ವಾದವನ್ನೂ ಹೂಡಿತು. ಕೇಳಿದೆ: ‘ಇದನ್ಯಾಕ ಬಿಟ್ಟಿ?’ ‘ಅದರಾಗ ಏನೂ ಆಗಂಗಿಲ್ಲಲ್ಲ’ ಎಂದಳು. ಇಡೀ ಪುಸ್ತಕ ಹುಟ್ಟಿದ್ದೇ ಶೂನ್ಯ ಟಿಕೆಟ್ಟಿನಿಂದ, ಆ ಟಿಕೆಟ್ಟು ಒಬ್ಬ ಹೆಂಗಸಿಗೆ ಏನು ಕೊಟ್ಟಿತು ಎಂದು ಹೇಳುವ ಪುಟ ಇದೊಂದೇ, ಇದನ್ನು ಹಾಕದಿದ್ದರೆ ಉಳಿದದ್ದೆಲ್ಲ ಕೈಪಿಡಿ ಎಂದೆ. ಹಾಕಿದಳು. ಈಗ ಆ ಅಧ್ಯಾಯ ಅಲ್ಲಿಂದಲೇ ಶುರುವಾಗುತ್ತದೆ. ನಾನು ಆ ಹೆಂಗಸನ್ನು ಮುಟ್ಟುವುದಿಲ್ಲ ಎಂದು ಗೆಳತಿಗೆ ಮಾತು ಕೊಟ್ಟಿದ್ದೇನೆ.

ಮುನ್ನುಡಿಯ ಮಾತು

ಕೊನೆಗೆ ಪ್ರಕಾಶಕರು ನನ್ನಿಂದ ಮುನ್ನುಡಿ ಕೇಳಿದರು. ಆಗುವುದಿಲ್ಲ ಎಂದೆ. ಪೆನ್ಸಿಲ್ ಹಿಡಿದು ಒಳಗೆ ಓಡಾಡಿದವಳು ಹೊರಗೆ ನಿಂತು ‘ಎಂಥ ಮನೆ ನೋಡಿ’ ಎಂದು ಸಾಕ್ಷಿ ಹೇಳುವುದು ಸರಿಯಲ್ಲ. ಮುನ್ನುಡಿ, ಬೆನ್ನುಡಿ, ಹಾರೈಕೆ ಎಲ್ಲ ಒಬ್ಬರನ್ನೊಬ್ಬರು ಬಲ್ಲವರೇ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ. ರೂಢಿಯಾದ ಮಾತ್ರಕ್ಕೆ ಓದುಗರು ನಂಬುತ್ತಾರೆ ಎಂದೇನಿಲ್ಲ. ಗೆಳತಿಗೆ ಬೇಸರವಾಯಿತು, ಹೇಳಿಯೂ ಹೇಳಿದಳು.

ನನ್ನ ಮುನ್ನುಡಿಯ ಬದಲು ಅವಳೇ ‘ನನ್ನ ಮಾತು’ ಬರೆದಳು. ಒಂದೂವರೆ ಪುಟ. ಯಾವ ಅಧ್ಯಾಯದಲ್ಲಿ ಯಾರ ಹೆಸರು ಬಿಟ್ಟಿದೆ, ಯಾರಿಗೆ ಓದಿ ಹೇಳಿ ಒಪ್ಪಿಗೆ ಪಡೆದದ್ದು, ಯಾವುದು ಕಂಡದ್ದು, ಯಾವುದು ಕೇಳಿದ್ದು, ಎಲ್ಲಿ ಪುಸ್ತಕ ನೋಡಿ ಬರೆದದ್ದು ಎಂದು ಶಾಲೆಯ ಹಾಜರಿ ಪುಸ್ತಕದ ಶಿಸ್ತಿನಲ್ಲಿ ಬರೆದಿದ್ದಾಳೆ. ಇದನ್ನು ಮೊದಲೇ ಓದಿದರೆ ಓದುಗರ ಉತ್ಸಾಹ ಇಳಿಯುತ್ತದೆ, ಹಿಂದಕ್ಕೆ ಹಾಕೋಣ ಎನ್ನುತ್ತಾರೆ ಪ್ರಕಾಶಕರು. ಅವಳು ಮೊದಲ ಪುಟದಲ್ಲೇ ಬೇಕು ಎನ್ನುತ್ತಾಳೆ. ಕರಡಚ್ಚು ಸದ್ಯ ಅಲ್ಲಿಗೇ ನಿಂತಿದೆ.